ಮುಕ್ತ ತಂತ್ರಾಂಶ, ಮುಚ್ಚಿದ ಯಂತ್ರಾಂಶ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಲವು ಹಳೆಯ ಗಣಕಗಳಲ್ಲಿಲ್ಲ. ಪುತ್ತೂರು, ಸುಳ್ಯ, ಕಡಬದ ಶಾಲೆಗಳಲ್ಲಿರುವ ಇಂಥ ಗಣಕಗಳನ್ನು ಏನು ಮಾಡುವುದು? "ಲಿನಕ್ಸ್ ಹಾಕಿ, ಎಲ್ಲವೂ ನಡೆಯುತ್ತದೆ" ಎನ್ನುವವರಿದ್ದಾರೆ. ಸಲಹೆಯನ್ನು ಒಪ್ಪುತ್ತೇನೆ, 'ಎಲ್ಲವೂ' ಎಂಬುದನ್ನು ಒಪ್ಪಲಾರೆ.

ಗಣಕದ ಪ್ರತಿ ಅಂಗಕ್ಕೂ ಕಾರ್ಯಾಚರಣ ವ್ಯವಸ್ಥೆಯ ಆಜ್ಞೆಯನ್ನು ಅರ್ಥಮಾಡಿಸುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್ ಬೇಕು. ವಿಂಡೋಸ್‌ಗೆ ಅದನ್ನು ಬಹುಮಟ್ಟಿಗೆ ತಯಾರಕರೇ ಬರೆದುಕೊಡುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರುಗಳು ಕರ್ನೆಲ್ ಎಂಬ ಅದರ ತಿರುಳಿನಲ್ಲೇ ಅಡಕವಾಗಿವೆ. ಕೀಲಿಮಣೆ, ಮೌಸ್, ಪೆನ್‌ಡ್ರೈವ್‌ಗಳು ಬಹಿರಂಗ ಮಾನಕಗಳನ್ನು ಅನುಸರಿಸುವುದರಿಂದ ಜೋಡಿಸಿದೊಡನೆ ನಡೆಯುತ್ತವೆ.

ತೊಡಕಿರುವುದು ತಯಾರಕರು ವಿವರಗಳನ್ನು ಬಚ್ಚಿಟ್ಟಲ್ಲಿ. ಕಚೇರಿಗಳಿಗೆ ಚಿರಪರಿಚಿತವಾದ ಎಚ್‌ಪಿ ಲೇಸರ್‌ಜೆಟ್ 1020 ಮುದ್ರಕವನ್ನೇ ನೋಡಿ. ಅದರ ಫರ್ಮ್‌ವೇರ್ ಅದರೊಳಗೆ ಶಾಶ್ವತವಾಗಿ ಉಳಿಯದು. ಚಾಲೂ ಮಾಡಿದಾಗಲೆಲ್ಲ ಗಣಕವೇ ಕಳುಹಿಸಬೇಕು. ಎಚ್‌ಪಿಯ ಲಿನಕ್ಸ್ ತಂತ್ರಾಂಶ ಮುಕ್ತವಾಗಿದ್ದರೂ ಈ ಮುದ್ರಕಕ್ಕೆ ಮುಚ್ಚಿದ ಭಾಗವೊಂದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ವೈಫೈ ಕತೆಯೂ ಇದೇ. ಫರ್ಮ್‌ವೇರ್ ಇಲ್ಲದೆ ವೈಫೈ ಇಲ್ಲ, ವೈಫೈ ಇಲ್ಲದೆ ಫರ್ಮ್‌ವೇರ್ ಇಳಿಸುವಂತಿಲ್ಲ! ಮುಕ್ತತೆಯ ವಿಷಯದಲ್ಲಿ ಕಟ್ಟುನಿಟ್ಟಾದ ಡೆಬಿಯನ್ ಬಳಗ ಕೂಡ 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರನ್ನು ಸ್ಥಾಪನಾ ಡಿಸ್ಕಿನಲ್ಲೇ ಕೊಡತೊಡಗಿತು. 'ಎಷ್ಟೇ ಹಳೆಯದಾದರೂ ಸರಿ' ಎಂಬ ಮಾತೂ ಪೂರ್ಣ ನಿಜವಲ್ಲ: 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಸ್ಥಾಪನಾ ಡಿಸ್ಕೇ ಇಲ್ಲ.

ಇದಕ್ಕೆ ವ್ಯತಿರಿಕ್ತ ಉದಾಹರಣೆ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲೇ ಇದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿ ರೂಪುಗೊಂಡ 'ಎಕ್ಸ್‌ಪ್ ಐಸ್' ಉಪಕರಣವನ್ನು ಯುಎಸ್‌ಬಿಗೆ ಜೋಡಿಸಿದರೆ ಗಣಕವೇ ಆಸಿಲೋಸ್ಕೋಪ್ ಆಗುತ್ತದೆ. ಅದರ ಮಂಡಲ ನಕ್ಷೆ, ಪ್ರೋಗ್ರಾಂ ಎರಡೂ ಬಹಿರಂಗ. ವಿದ್ಯಾರ್ಥಿ 'ಈ ಅಳತೆ ಹೇಗೆ ಬಂತು?' ಎಂದು ಕೇಳಿದರೆ ಉತ್ತರವಿದೆ. ಉತ್ತರಿಸದ ಉಪಕರಣವನ್ನು ನಂಬಬಹುದು, ಕಲಿಸಲಾಗದು.

ನಮ್ಮ ಗಡಿಯಾಚೆಗೆ, ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ, ಕೇರಳದ ಸರಕಾರಿ ಶಾಲೆಗಳಿಗೆ 'ಕೈಟ್' ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಒದಗಿಸುತ್ತಿದೆ. ಎಲ್ಲ ಕಡೆ ಒಂದೇ ವ್ಯವಸ್ಥೆಯಿದ್ದರೆ ಒಬ್ಬ ಶಿಕ್ಷಕ ಬಿಡಿಸಿದ ಸಿಕ್ಕು ಇನ್ನೊಬ್ಬರಿಗೂ ಬಿಡಿಸಿದಂತೆಯೇ. ನಮ್ಮಲ್ಲಿ ಪ್ರತಿ ಶಾಲೆಯೂ ಒಂಟಿ.

ಆದ್ದರಿಂದ ಶಿಕ್ಷಕಮಿತ್ರರೇ, ಸ್ಥಾಪಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ, ವೈಫೈ, ಧ್ವನಿ, ಮುದ್ರಕ, ಪ್ರೊಜೆಕ್ಟರುಗಳನ್ನು ಪರೀಕ್ಷಿಸಿ. ಹೊಸತನ್ನು ಕೊಳ್ಳುವಾಗ 'ಇದು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ?' ಎಂದು ಬಿಲ್ಲಿಗೆ ಮೊದಲೇ ಕೇಳಿ. ಲಿನಕ್ಸ್ ಪ್ರಚಾರಕರಿಗೂ ಒಂದು ಮಾತು: ಕೊರತೆಯನ್ನು ಮುಚ್ಚಿಟ್ಟರೆ, ಮುದ್ರಕವೊಂದು ಹಟ ಹಿಡಿದ ದಿನ ಶಾಲೆ ಇಡೀ ವ್ಯವಸ್ಥೆಯನ್ನೇ ಕೈಬಿಡುತ್ತದೆ. ಆಗ ಕೆಲಸಕ್ಕೆ ಬರುತ್ತಿದ್ದ ಗಣಕಗಳೂ ಗುಜರಿಗೆ ಹೋಗುತ್ತವೆ.