13 ಪ್ರಶಸ್ತಿಗಳ ನೆರಳಿನಲ್ಲಿ ಮರೆಯಾದ ಆಟ

ನಾರ್ವೆಯ ಫುಟ್‌ಬಾಲ್ ಬಗ್ಗೆ ಈಗ ಯಾರೇ ಬರೆಯಲಿ, ಅದು ಬೋಡೋ/ಗ್ಲಿಮ್ಟ್ ಕ್ಲಬ್ಬಿನ ಬಗ್ಗೆಯೇ ಇರುತ್ತದೆ. 2021ರ ಅಕ್ಟೋಬರ್‌ನಲ್ಲಿ ಮೊರಿನ್ಯೊ ಅವರ ರೋಮಾ ತಂಡಕ್ಕೆ 6-1ರ ಏಟು ಕೊಟ್ಟಿತು, 2025ರಲ್ಲಿ ಯುರೋಪಾ ಲೀಗ್‌ನ ಸೆಮಿಫೈನಲ್‌ವರೆಗೂ ಹೋಯಿತು. ಧ್ರುವವೃತ್ತದಾಚೆಯ ಆ ಸಣ್ಣ ಪಟ್ಟಣದ ತಂಡವನ್ನು ಹೊಗಳಲಿ, ನನ್ನ ಅಡ್ಡಿಯೇನಿಲ್ಲ. ತಕರಾರಿರುವುದು ಆ ಬರಹಗಳಲ್ಲಿ ಒಂದೇ ಒಂದು ಸಾಲಿನಲ್ಲಿ ಬಂದು ಹೋಗುವ ಇನ್ನೊಂದು ಕ್ಲಬ್ಬಿನ ಬಗ್ಗೆ. 'ಇದಕ್ಕೂ ಮೊದಲು ರೋಸೆನ್‌ಬೋರ್ಗ್ ಸತತ 13 ಸಲ ಲೀಗ್ ಗೆದ್ದಿತ್ತು' ಎಂದು ಬರೆದು ಮುಂದೆ ಸಾಗುತ್ತಾರೆ. ದೊಡ್ಡ ಊರು, ದುಡ್ಡಿನ ಕ್ಲಬ್ಬು, ಎದುರಾಳಿಗಳಿಲ್ಲದ ಲೀಗು, ಗೆದ್ದಿದ್ದರಲ್ಲಿ ಆಶ್ಚರ್ಯವೇನು ಎಂಬ ಧಾಟಿ. ರೋಸೆನ್‌ಬೋರ್ಗ್ ಅಭಿಮಾನಿಗಳೂ ಇದಕ್ಕೆ ಪ್ರತಿಯಾಗಿ ಅದೇ 13ರ ಲೆಕ್ಕವನ್ನೇ ಒಪ್ಪಿಸುತ್ತಾರೆ. ತೆಗಳುವವರೂ ಹೊಗಳುವವರೂ ಕಪಾಟಿನಲ್ಲಿರುವ ಕಪ್‌ಗಳನ್ನು ಎಣಿಸುತ್ತಿದ್ದಾರೆಯೇ ಹೊರತು ಆಟವನ್ನು ನೋಡುತ್ತಿಲ್ಲ.

ಕ್ಲಬ್ಬಿನ ಚರಿತ್ರೆಯನ್ನು ಇಲ್ಲಿ ಉದ್ದಕ್ಕೆ ಹೇಳಬೇಕಾಗಿಲ್ಲ. 1917ರಲ್ಲಿ ಟ್ರೋನ್‌ಹೈಮ್ ನಗರದಲ್ಲಿ 'ಒಡ್' ಎಂಬ ಹೆಸರಿನಲ್ಲಿ ಹುಟ್ಟಿತು, 1928ರಲ್ಲಿ ತನ್ನ ಬಡಾವಣೆಯ ಹೆಸರನ್ನು ಇಟ್ಟುಕೊಂಡಿತು. ಮನೆಯಂಗಳ ಲೆರ್ಕೆಂಡಾಲ್ ಕ್ರೀಡಾಂಗಣ. ಒಟ್ಟು 26 ಲೀಗ್ ಪ್ರಶಸ್ತಿಗಳು. ನಾನು ನಿಂತು ನೋಡಬೇಕೆಂದಿರುವುದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವರ್ಷವನ್ನು, ಅದೂ ಪ್ರಶಸ್ತಿ ಸಿಗದ ವರ್ಷವನ್ನು.

1970ರಲ್ಲಿ ಇಂಗ್ಲೆಂಡಿನ ಜಾರ್ಜ್ ಕರ್ಟಿಸ್ ಕೋಚ್ ಆಗಿದ್ದರು. ಹಿಂದಿನ ವರ್ಷ ಲೀಗ್ ಗೆದ್ದುಕೊಟ್ಟವರು ಅವರೇ. ಆ ಸಲ 18 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ಐದೇ ಗೋಲು. ಹೊಡೆದದ್ದು 15. ಎರಡನೇ ಸ್ಥಾನ ಸಿಕ್ಕಿತು. ಬೇರೆ ಯಾವ ಊರಿನಲ್ಲಾದರೂ ಕೋಚ್‌ಗೆ ಹಾರ ಹಾಕುತ್ತಿದ್ದರು. ಟ್ರೋನ್‌ಹೈಮ್‌ನ ಜನ ಸಿಡಿಮಿಡಿಗೊಂಡರು. ಎರಡೇ ವರ್ಷದ ಹಿಂದೆ, 1968ರಲ್ಲಿ, ಇದೇ ತಂಡದ ಓಡ್ ಇವರ್ಸೆನ್ ಒಬ್ಬರೇ ಒಂದು ಲೀಗ್‌ನಲ್ಲಿ 30 ಗೋಲು ಹೊಡೆದದ್ದನ್ನು ಕಂಡಿದ್ದ ಕಣ್ಣುಗಳಿಗೆ ಈ ಬಿಗಿಹಿಡಿದ ಆಟ ರುಚಿಸಲಿಲ್ಲ. ಕರ್ಟಿಸ್ ಹೋದರು. ಬಂದವರು ಇನ್ನೂ ಮೂವತ್ತು ತುಂಬದ ನಿಲ್ಸ್ ಅರ್ನೆ ಎಗೆನ್. 1971ರಲ್ಲಿ ಲೀಗೂ ಕಪ್ಪೂ ಎರಡೂ ಬಂದವು. ಸೋಲನ್ನಾದರೂ ಸಹಿಸಬಹುದು, ಸಪ್ಪೆ ಆಟವನ್ನು ಸಹಿಸಲಾಗದು ಎಂಬ ನಿಲುವು ಈ ಕ್ಲಬ್ಬಿನಲ್ಲಿ ದುಡ್ಡು ಬರುವುದಕ್ಕೆ ಕಾಲು ಶತಮಾನ ಮೊದಲೇ ಬೇರೂರಿತ್ತು.

ಎಗೆನ್ ವೃತ್ತಿಯಿಂದ ಮೇಷ್ಟ್ರು. 1988ರಲ್ಲಿ ಮತ್ತೆ ಚುಕ್ಕಾಣಿ ಹಿಡಿದ ಮೇಲೆ, ನಡುವೆ 1998ರಲ್ಲಿ ಒಂದು ವರ್ಷದ ಬಿಡುವು ಬಿಟ್ಟರೆ, 2002ರವರೆಗೂ ಅವರದೇ ಕಾಲ. ಅವರ ಹೆಸರಿನೊಂದಿಗೆ ಅಂಟಿಕೊಂಡಿರುವುದು 'ಒಳ್ಳೆಯ ಕಾಲಿ'ನ ಸಿದ್ಧಾಂತ. ಪ್ರತಿಯೊಬ್ಬ ಆಟಗಾರನಿಗೂ ತಾನು ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಇರುತ್ತದೆ, ತಂಡ ಅದನ್ನು ಬಳಸಿಕೊಳ್ಳಬೇಕು ಎಂಬುದು ಅದರ ತಿರುಳು. 1999ರಲ್ಲಿ ಈ ಬಗ್ಗೆ ಪುಸ್ತಕ ಬಂದದ್ದೇ ತಡ, ಆಡಳಿತ ತರಬೇತಿಯ ಉಪನ್ಯಾಸಕರು ಅದನ್ನು ಎತ್ತಿಕೊಂಡರು. 'ನಿಮ್ಮ ಶಕ್ತಿಯನ್ನು ಗುರುತಿಸಿಕೊಳ್ಳಿ, ಇಷ್ಟವಾದದ್ದನ್ನು ಮಾಡಿ' ಎಂಬ ಹಿತವಚನವಾಗಿ ಅದು ಕಂಪನಿಗಳ ಸಭಾಂಗಣ ಸೇರಿತು. ಕ್ಲಬ್ಬಿನ ಖ್ಯಾತಿಯಲ್ಲಿ ಉಬ್ಬಿದ ಭಾಗ ಯಾವುದಾದರೂ ಇದ್ದರೆ ಅದು ಇದೇ.

ಏಕೆಂದರೆ ಲೆರ್ಕೆಂಡಾಲ್‌ನಲ್ಲಿ ಈ ಸಿದ್ಧಾಂತಕ್ಕೆ ಇದ್ದ ಅರ್ಥ ಬೇರೆ. ಅಲ್ಲಿ ಭಾರವೆಲ್ಲ ಚೆಂಡು ಕೊಡುವವನ ಮೇಲೆ. ನಿನ್ನ ಜೊತೆಗಾರನಿಗೆ ಚೆಂಡು ಯಾವ ಕಾಲಿಗೆ ಬೇಕು, ಎಷ್ಟು ವೇಗದಲ್ಲಿ ಬೇಕು, ನಿಂತಲ್ಲಿಗೋ ಓಟದ ಮುಂದಕ್ಕೋ ಎಂಬುದು ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ನಿನ್ನದು. ಒಬ್ಬನಿಗೆ ಸಿಗುವ ಸಲೀಸು ಉಳಿದ ಹತ್ತು ಮಂದಿಯ ಹೊಣೆಗಾರಿಕೆಯಿಂದ ಹುಟ್ಟುತ್ತದೆ. ಕಂಪನಿ ಉಪನ್ಯಾಸಗಳಲ್ಲಿ ಉಳಿದದ್ದು ಆ ಒಬ್ಬನ ಸಲೀಸು ಮಾತ್ರ. ಹತ್ತು ಮಂದಿಯ ಹೊಣೆ ಬಿಟ್ಟೇ ಹೋಯಿತು.

ಮೈದಾನದಲ್ಲಿ ಇದು ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಒಂದೇ ಒಂದು ನಡೆಯನ್ನು ತೆಗೆದುಕೊಳ್ಳೋಣ. 4-3-3 ವ್ಯೂಹ. ಹಿಂದಿನ ಸಾಲಿನಿಂದ ಅಥವಾ ನಡುವಣ ಬೆಂಟ್ ಸ್ಕಾಮೆಲ್ಸ್‌ರೂಡ್ ಅವರಿಂದ ಚೆಂಡು ನೆಲದ ಮೇಲೆ ಬಿರುಸಾಗಿ ಸ್ಟ್ರೈಕರ್ ಕಾಲಿಗೆ ಬರುತ್ತದೆ. ಆತನ ಬೆನ್ನು ಗೋಲಿನ ಕಡೆಗಿದೆ. ಡಿಫೆಂಡರ್ ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಸ್ಟ್ರೈಕರ್ ತಿರುಗುವ ಗೋಜಿಗೇ ಹೋಗದೆ ಒಂದೇ ತಾಗಿನಲ್ಲಿ ಚೆಂಡನ್ನು ಎದುರಿಗೆ ಓಡಿ ಬರುತ್ತಿರುವವನಿಗೆ ಹಿಂದಿರುಗಿಸುತ್ತಾನೆ. ಅವನೂ ಒಂದೇ ತಾಗಿನಲ್ಲಿ ಅದನ್ನು ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ತಳ್ಳುತ್ತಾನೆ. ಅಷ್ಟರಲ್ಲಿ ಅಂಚಿನಿಂದ ಮೂರನೆಯವನು ಅಲ್ಲಿಗೆ ತಲುಪಿರುತ್ತಾನೆ. ಎಲ್ಲ ಸೇರಿ ಮೂರು ಪಾಸ್.

ನೋಡುವವರ ಕಣ್ಣು ಸಹಜವಾಗಿ ಮೂರನೇ ಪಾಸ್ ಮೇಲೆ ಬೀಳುತ್ತದೆ. ನನ್ನ ಮಟ್ಟಿಗೆ ಇಡೀ ನಡೆಯ ಪ್ರಾಣ ಇರುವುದು ಮೊದಲನೆಯದರಲ್ಲಿ. ಅದು ನಿಧಾನವಾದರೆ ಡಿಫೆಂಡರ್ ಮುಂದೆ ನುಗ್ಗಿ ಚೆಂಡು ಕಸಿಯುತ್ತಾನೆ, ಅತಿ ಜೋರಾದರೆ ಸ್ಟ್ರೈಕರ್ ಕಾಲಿಗೆ ತಾಗಿ ಎತ್ತಲೋ ಸಿಡಿಯುತ್ತದೆ. ಬರುವ ಚೆಂಡಿನ ಬಿರುಸೇ ಹಿಂದಿರುಗುವ ಚೆಂಡಿಗೆ ವೇಗ ಕೊಡಬೇಕು. ಎರಡನೇ ಪಾಸ್ ಹಿಂದಕ್ಕೆ ಹೋಗುವುದರಲ್ಲಿಯೂ ಒಂದು ಮೋಸವಿದೆ. ಚೆಂಡು ತಮ್ಮ ಗೋಲಿನಿಂದ ದೂರ ಸರಿದದ್ದು ಕಂಡೊಡನೆ ಡಿಫೆಂಡರ್‌ಗಳ ಸಾಲು ಒಂದು ಹೆಜ್ಜೆ ಮುಂದೆ ಬರುತ್ತದೆ. ಎಲ್ಲ ಕೋಚ್‌ಗಳೂ ಹಾಗೆಯೇ ಕಲಿಸಿರುತ್ತಾರೆ. ಆ ಒಂದು ಹೆಜ್ಜೆಯಿಂದ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ. ಮೂರನೆಯವನು ಓಟ ಶುರುಮಾಡಬೇಕಾದದ್ದು ಆಗಲೂ ಅಲ್ಲ, ಅದಕ್ಕೂ ಮೊದಲು, ಚೆಂಡು ಇನ್ನೂ ಸ್ಟ್ರೈಕರ್ ಕಾಲಿಗೆ ತಾಗದಿರುವಾಗ. ಅಂದರೆ ಇನ್ನೂ ನಡೆಯದ ಎರಡು ಪಾಸ್‌ಗಳನ್ನು ನಂಬಿ ಅವನು ಓಡುತ್ತಾನೆ. ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ವರ್ಷಗಟ್ಟಲೆ ಜೊತೆಗೆ ಕೂತ ಮೃದಂಗದವನಿಗೆ ಗೊತ್ತಿರುತ್ತದಲ್ಲ, ಈ ನಂಬಿಕೆ ಆ ಬಗೆಯದು. ಇದು ಒಂದು ದಿನದ ಹುರುಪಿನ ಮಾತಿನಿಂದ ಬರುವಂಥದ್ದಲ್ಲ. ಅದೇ ಆಟಗಾರರು, ಅದೇ ಜಾಗ, ಅದೇ ಅಭ್ಯಾಸ ಬೇಸರವಾಗುವಷ್ಟು ಸಲ ನಡೆಯಬೇಕು. ರೋರ್ ಸ್ಟ್ರಾಂಡ್ ಒಬ್ಬರೇ ಈ ಕ್ಲಬ್ಬಿನಲ್ಲಿ 16 ಲೀಗ್ ಪ್ರಶಸ್ತಿ ಗೆದ್ದದ್ದು ಸುಮ್ಮನೆ ಅಲ್ಲ.

ಈಗ 1996ರ ಡಿಸೆಂಬರ್ 4, ಮಿಲಾನಿನ ಸಾನ್ ಸಿರೊ. ಸಾಲು ಹಿಡಿದು ಮುಂದೆ ಬರುವ ಡಿಫೆನ್ಸ್‌ಗೆ ಶಾಸ್ತ್ರ ಬರೆದ ಅರ್ರಿಗೊ ಸಾಕ್ಕಿ ಆಗಷ್ಟೇ ಮಿಲಾನ್‌ಗೆ ಮರಳಿದ್ದರು. ಅದು ಅವರ ಮೊದಲ ಪಂದ್ಯ. ಚಾಂಪಿಯನ್ಸ್ ಲೀಗ್‌ನ ಗುಂಪು ದಾಟಲು ಮಿಲಾನ್‌ಗೆ ಡ್ರಾ ಸಾಕಿತ್ತು, ರೋಸೆನ್‌ಬೋರ್ಗ್ ಗೆಲ್ಲಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಇದೇ ಮಿಲಾನ್ ಟ್ರೋನ್‌ಹೈಮ್‌ಗೆ ಬಂದು 4-1ರಿಂದ ಗೆದ್ದು ಹೋಗಿತ್ತು. 29ನೇ ನಿಮಿಷದಲ್ಲಿ ಹರಾಲ್ಡ್ ಬ್ರಾಟ್‌ಬಾಕ್ ಗೋಲು ಹೊಡೆದರು. ವಿರಾಮಕ್ಕೆ ಮೊದಲು ಮಿಲಾನ್‌ನ ಡುಗಾರಿ ಸಮ ಮಾಡಿದರು. 70ನೇ ನಿಮಿಷದಲ್ಲಿ, ಮುಂದೆ ಲಿವರ್‌ಪೂಲ್ ಸೇರಿದ ವೆಗಾರ್ಡ್ ಹೆಗ್ಗೆಮ್ ಇನ್ನೊಂದು ಗೋಲು ಸೇರಿಸಿದರು. 2-1. ಮಿಲಾನ್ ಮನೆಗೆ, ರೋಸೆನ್‌ಬೋರ್ಗ್ ಕ್ವಾರ್ಟರ್‌ಫೈನಲ್‌ಗೆ. ಎರಡೂ ಗೋಲು ಮೇಲೆ ಹೇಳಿದ ಅಚ್ಚಿನಲ್ಲೇ ಬಂದವು ಎಂದು ನಾನು ವಾದಿಸುತ್ತಿಲ್ಲ. ನನ್ನ ಮಾತು ಇಷ್ಟೇ: 4-1ರಿಂದ ಸೋತ ತಂಡ ಅದೇ ಎದುರಾಳಿಯ ಅಂಗಳದಲ್ಲಿ ಗೆಲ್ಲಬೇಕಾದಾಗಲೂ ತನ್ನ ಆಟ ಬದಲಿಸಿಕೊಳ್ಳಲಿಲ್ಲ. ಹಟವೆನ್ನಿ, ನಂಬಿಕೆಯೆನ್ನಿ, ಅದು ಆ ತಂಡದ ಗುಣ.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ಜಗಳ ಆಡದೆ ವಿಧಿಯಿಲ್ಲ. ಮೊದಲನೆಯವರು ತೊಂಬತ್ತರ ದಶಕದ ನಾರ್ವೆಯ ಫುಟ್‌ಬಾಲನ್ನೆಲ್ಲ ಒಂದೇ ಮೂಟೆ ಕಟ್ಟುವವರು. ಆಗ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಎಗಿಲ್ 'ಡ್ರಿಲ್ಲೋ' ಓಲ್ಸೆನ್ ಅಂಕಿಅಂಶ ಹಿಡಿದುಕೊಂಡು, ಎಡ ಅಂಚಿನಿಂದ ಬಲ ಅಂಚಿನಲ್ಲಿದ್ದ ಎತ್ತರದ ಯೋಸ್ಟೈನ್ ಫ್ಲೋ ತಲೆಗೆ ಉದ್ದನೆಯ ಚೆಂಡು ಎಸೆಯಿಸುತ್ತಿದ್ದರು. 1998ರ ವಿಶ್ವಕಪ್‌ನಲ್ಲಿ ಬ್ರೆಜಿಲನ್ನು 2-1ರಿಂದ ಸೋಲಿಸಿದ್ದು ಅವರ ತಂಡವೇ. ರೋಸೆನ್‌ಬೋರ್ಗ್ ಅದೇ ಆಟದ ಕ್ಲಬ್ ಆವೃತ್ತಿ ಎಂದು ಬರೆದವರಿದ್ದಾರೆ. ಇಬ್ಬರಿಗೂ ಚೆಂಡನ್ನು ಬೇಗ ಮುಂದೆ ಸಾಗಿಸುವ ಆತುರವಿತ್ತು, ಒಪ್ಪಿದೆ. ಆದರೆ ಡ್ರಿಲ್ಲೋ ಲೆಕ್ಕ ಶುರುವಾಗುತ್ತಿದ್ದುದು ಎದುರಾಳಿ ಎಲ್ಲಿ ಅಸ್ತವ್ಯಸ್ತನಾಗಿದ್ದಾನೆ ಎಂಬುದರಿಂದ, ಎಗೆನ್ ಲೆಕ್ಕ ಶುರುವಾಗುತ್ತಿದ್ದುದು ಜೊತೆಗಾರ ಯಾವುದರಲ್ಲಿ ನಿಪುಣ ಎಂಬುದರಿಂದ. ಇಬ್ಬರೂ ಬದುಕಿನುದ್ದಕ್ಕೂ ಈ ಬಗ್ಗೆ ವಾಗ್ವಾದ ನಡೆಸಿದ್ದು ನಾರ್ವೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವರಿಗೇ ಕಾಣುತ್ತಿದ್ದ ಭೇದ ಈ ಬರಹಗಾರರಿಗೆ ಕಾಣದೇ ಹೋಗಿದೆ.

ಎರಡನೆಯವರು ದುಡ್ಡಿನ ವಾದದವರು. 1995ರಿಂದ 2002ರವರೆಗೆ ಸತತ ಎಂಟು ಸಲ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಆಡಿದ ಕ್ಲಬ್ಬಿಗೆ ಹರಿದುಬಂದ ಹಣ ನಾರ್ವೆಯ ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಆ ಹಣದಲ್ಲಿ ಎದುರಾಳಿ ಕ್ಲಬ್‌ಗಳ ಒಳ್ಳೆಯ ಆಟಗಾರರನ್ನು ಎತ್ತಿಕೊಂಡದ್ದೂ ನಿಜ. ಯುರೋಪಿನಲ್ಲಿ ಹೀನಾಯವಾಗಿ ಸೋತದ್ದೂ ಉಂಟು: 2000ದಲ್ಲಿ ಪ್ಯಾರಿಸ್‌ನಲ್ಲಿ 7-2. ಆದರೆ ಕಾಲಾನುಕ್ರಮವನ್ನು ತಲೆಕೆಳಗು ಮಾಡಬಾರದು. 13 ಪ್ರಶಸ್ತಿಗಳ ಸರಣಿ ಶುರುವಾದದ್ದು 1992ರಲ್ಲಿ, ಚಾಂಪಿಯನ್ಸ್ ಲೀಗ್ ಹಣ ಬಂದದ್ದು 1995ರ ನಂತರ. ಒಳ್ಳೆಯ ಆಟ ಹಣ ತಂದಿತು. ಹಣ ಆಟವನ್ನು ಹುಟ್ಟಿಸಲಿಲ್ಲ. ಇನ್ನು ಸಾಮರ್ಥ್ಯದ ಮಾತಿಗೆ ಬಂದರೆ 1997ರ ಗುಂಪನ್ನು ನೋಡಿ. ಲೆರ್ಕೆಂಡಾಲ್‌ನಲ್ಲಿ 2-0ರಿಂದ ಸೋತು ಹೋದ ರಿಯಲ್ ಮ್ಯಾಡ್ರಿಡ್ ಆ ಸಲದ ಚಾಂಪಿಯನ್. ರೋಸೆನ್‌ಬೋರ್ಗ್ 11 ಅಂಕ ಗಳಿಸಿಯೂ, ಎರಡನೇ ಸ್ಥಾನದ ತಂಡಗಳಲ್ಲಿ ಎರಡಕ್ಕೆ ಮಾತ್ರ ಅವಕಾಶವೆಂಬ ನಿಯಮದಿಂದಾಗಿ ಹೊರಗುಳಿಯಿತು. ದುರ್ಬಲ ಲೀಗಿನ ಕೊಬ್ಬಿದ ಕ್ಲಬ್ಬು ಮಾಡುವ ಕೆಲಸ ಇದಲ್ಲ.

ಬೋಡೋ ಬಗೆಗಿನ ಬರಹಗಳಿಗೆ ಮತ್ತೆ ಬರೋಣ. ಅವುಗಳಿಗೆಲ್ಲ ಒಬ್ಬ ನಾಯಕನಿದ್ದಾನೆ: 2017ರಿಂದ ಆಟಗಾರರಿಗೆ ಮಾನಸಿಕ ತರಬೇತಿ ಕೊಡುತ್ತಿರುವ, ಹಿಂದೆ ಯುದ್ಧವಿಮಾನದ ಪೈಲಟ್ ಆಗಿದ್ದ ಬ್ಯೋರ್ನ್ ಮಾನ್ಸ್‌ವೆರ್ಕ್. ಕೇಳಲು ಸೊಗಸಾದ ಕಥೆ. ರೋಸೆನ್‌ಬೋರ್ಗ್‌ಗೂ ಒಬ್ಬ ಪೈಲಟ್ ಇದ್ದರು, ಸಾನ್ ಸಿರೊದಲ್ಲಿ ಗೋಲು ಹೊಡೆದ ಬ್ರಾಟ್‌ಬಾಕ್. ಅವರು ಆಟ ಬಿಟ್ಟ ಮೇಲೆ ಪ್ರಯಾಣಿಕರ ವಿಮಾನ ಹಾರಿಸಿದರು, ಅದಕ್ಕಾಗಿ ಯಾರೂ ಸಿದ್ಧಾಂತ ಕಟ್ಟಲಿಲ್ಲ. 2020ರಲ್ಲಿ ಬೋಡೋ ಮೊದಲ ಬಾರಿಗೆ ಲೀಗ್ ಗೆದ್ದಾಗ 30 ಪಂದ್ಯಗಳಲ್ಲಿ 103 ಗೋಲು ಹೊಡೆದಿತ್ತು. ಅಷ್ಟು ಗೋಲು ಮಾನಸಿಕ ತರಬೇತಿಯಿಂದಷ್ಟೇ ಬರುವುದಿಲ್ಲ. ಕೋಚ್ ಶೆಟಿಲ್ ಕ್ನುಟ್ಸೆನ್ ಅವರ 4-3-3 ನೋಡಿ: ಮೂರನೆಯವನ ಓಟ ಅಲ್ಲಿದೆ, ವರ್ಷಗಟ್ಟಲೆ ಒಟ್ಟಿಗೆ ಆಡಿದ ಆಟಗಾರರ ಗುಂಪು ಅಲ್ಲಿದೆ, ಮುಂದಕ್ಕೇ ಚೆಂಡು ಕೊಡುವ ಹಟ ಅಲ್ಲಿದೆ. ಎದುರಾಳಿಯ ಅಂಗಳದಲ್ಲೇ ಒತ್ತಡ ಹೇರಿ ಚೆಂಡು ಕಸಿಯುವ ಕ್ರಮ ಮಾತ್ರ ಈ ಕಾಲದ್ದು. ಎರಡು ಊರುಗಳ ನಡುವೆ ನಂಟೂ ಹಳೆಯದು. ಎಗೆನ್ ತಂಡದ ಚುರುಕಿನ ವಿಂಗರ್ 'ಮಿನಿ' ಯಾಕೊಬ್ಸೆನ್ ಬೋಡೋದಿಂದಲೇ ಬಂದವರು. ಬೋಡೋದ ಬರ್ಗ್ ಮನೆತನದ ಓರ್ಯಾನ್ ಮತ್ತು ರೂನಾರ್ ಇಬ್ಬರೂ ರೋಸೆನ್‌ಬೋರ್ಗ್‌ಗೆ ಆಡಿದವರು. ಓರ್ಯಾನ್ ಮಗ ಪ್ಯಾಟ್ರಿಕ್ ಬರ್ಗ್ ಈಗಿನ ಬೋಡೋ ತಂಡದ ನಡುಗಂಬ. ಬೋಡೋ ಆಟ ಆಕಾಶದಿಂದ ಬಿದ್ದದ್ದಲ್ಲ.

ಹಾಗಾದರೆ ರೋಸೆನ್‌ಬೋರ್ಗ್‌ಗೆ ಆದದ್ದೇನು? ತನ್ನ ಬಗ್ಗೆ ಬೇರೆಯವರು ಹೇಳಿದ ಕಪ್ ಎಣಿಕೆಯ ಕಥೆಯನ್ನು ತಾನೇ ನಂಬಿತು. 2005ರಲ್ಲಿ ಸರಣಿ ಮುರಿದಾಗ ಸಿಕ್ಕಿದ್ದು ಏಳನೇ ಸ್ಥಾನ. ಆಮೇಲೂ ಪ್ರಶಸ್ತಿಗಳು ಬಂದವು. ಆದರೆ 2018ರ ಜುಲೈನಲ್ಲಿ, ಎಗೆನ್ ಕೈಕೆಳಗೆ ಆಡಿದ್ದ, ಕೋಚ್ ಆಗಿ ಹಿಂದಿನ ಮೂರೂ ವರ್ಷ ಲೀಗ್ ಗೆದ್ದಿದ್ದ ಕೋರೆ ಇಂಗೆಬ್ರಿಗ್ಟ್‌ಸೆನ್ ಅವರನ್ನು ಹಂಗಾಮಿನ ನಡುವೆಯೇ ಕಳಿಸಿಬಿಟ್ಟರು. ಆ ವರ್ಷದ ಪ್ರಶಸ್ತಿಯೇನೋ ಕೈಗೆ ಬಂತು.

ರೋಸೆನ್‌ಬೋರ್ಗ್‌ನ 13 ಪ್ರಶಸ್ತಿಗಳಿಗೆ ಸಿಗಬೇಕಾದ್ದಕ್ಕಿಂತ ಹೆಚ್ಚೇ ಮರ್ಯಾದೆ ಸಿಕ್ಕಿದೆ. ಆ ಮೂರು ಪಾಸ್‌ಗಳಿಗೆ ಸಿಗಬೇಕಾದ್ದರಲ್ಲಿ ಕಾಲು ಭಾಗವೂ ಸಿಕ್ಕಿಲ್ಲ. ಆ ಆಟವನ್ನು ಈಗ ನೋಡಬೇಕೆನ್ನುವವರು ಬೋಡೋಗೆ ಹೋಗಬೇಕು. ಲೆರ್ಕೆಂಡಾಲ್‌ಗೆ 2018ರ ನಂತರ ಲೀಗ್ ಪ್ರಶಸ್ತಿ ಬಂದಿಲ್ಲ.