ವಿಶ್ವಾಸಕ್ಕೆ ಮೆಟ್ಟಿಲುಗಳುಂಟೆ? ಜೇಮ್ಸ್ ಫೌಲರ್ ಸಿದ್ಧಾಂತದ ಒಂದು ವಿಮರ್ಶೆ

ಮನುಷ್ಯನು ಜೀವಿತದುದ್ದಕ್ಕೂ ಹಂತ ಹಂತವಾಗಿ ಬೆಳೆಯುತ್ತಾನೆಂಬ ವಿಚಾರಕ್ಕೆ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನದಲ್ಲಿ ಮೂವರು ವಿಶೇಷವಾಗಿ ರೂಪ ಕೊಟ್ಟರು. ಪಿಯಾಜೆ ಮಗುವಿನ ಬುದ್ಧಿಯ ಬೆಳವಣಿಗೆಯನ್ನೂ, ಕೋಲ್‌ಬರ್ಗ್ ನೈತಿಕ ವಿವೇಚನೆಯ ಬೆಳವಣಿಗೆಯನ್ನೂ, ಎರಿಕ್ಸನ್ ಶೈಶವದಿಂದ ಮುಪ್ಪಿನವರೆಗಿನ ಎಂಟು ಘಟ್ಟಗಳನ್ನೂ ವಿವರಿಸಿದರು. ಈ ಮೂವರನ್ನು ಆಧರಿಸಿ, ಅಮೆರಿಕದ ಮೆಥೊಡಿಸ್ಟ್ ದೈವಶಾಸ್ತ್ರಜ್ಞ ಜೇಮ್ಸ್ ಫೌಲರ್ 1981ರಲ್ಲಿ ‘ಸ್ಟೇಜಸ್ ಆಫ್ ಫೇತ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ವಿಶ್ವಾಸವೂ ಆರು ಹಂತಗಳಲ್ಲಿ ಬೆಳೆಯುತ್ತದೆ ಎಂಬುದು ಅವರ ವಾದ. ಪಾಲನಾ ಮನೋವಿಜ್ಞಾನದಲ್ಲಿ ಪದೇ ಪದೇ ಎದುರಾಗುವ ಈ ವಾದವನ್ನು ನಾವು ಎಷ್ಟರಮಟ್ಟಿಗೆ ಸ್ವೀಕರಿಸಬಹುದು? ದೇವರ ವರವಾದದ್ದನ್ನು ಮೆಟ್ಟಿಲುಗಳಲ್ಲಿ ಎಣಿಸಬಹುದೆ?

ಮೊದಲು ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಬಾಲ್ಯದ ಎರಡು ಹಂತಗಳಲ್ಲಿ ವಿಶ್ವಾಸವು ಮೊದಲು ಕಲ್ಪನೆಯನ್ನೂ ಅನಂತರ ಕಥೆಗಳ ಅಕ್ಷರಾರ್ಥವನ್ನೂ ಅವಲಂಬಿಸುತ್ತದೆ. ಹದಿಹರೆಯದಲ್ಲಿ ತೊಡಗುವ ಮೂರನೆಯ ಹಂತದಲ್ಲಿ ವ್ಯಕ್ತಿಯು ತನ್ನ ಸಮುದಾಯದ ವಿಶ್ವಾಸವನ್ನೇ ತನ್ನದಾಗಿಸಿಕೊಂಡಿರುತ್ತಾನೆ. ನಾಲ್ಕನೆಯದರಲ್ಲಿ ಅದನ್ನು ಪ್ರಶ್ನಿಸಿ, ತಾನೇ ಹೊಣೆಹೊತ್ತು ಮರಳಿ ಆರಿಸಿಕೊಳ್ಳುತ್ತಾನೆ. ಐದನೆಯದರಲ್ಲಿ ವಿರೋಧಾಭಾಸಗಳನ್ನೂ ಸಂಕೇತಗಳ ಆಳವನ್ನೂ ಒಪ್ಪಿಕೊಳ್ಳುತ್ತಾನೆ. ಆರನೆಯದು ಸ್ವಾರ್ಥವನ್ನು ಮೀರಿದ ವಿಶ್ವವ್ಯಾಪಿ ಪ್ರೀತಿ. ತತ್ವಶಾಸ್ತ್ರದ ವರ್ಷಗಳಲ್ಲಿ ಮನೆಯಿಂದ ತಂದ ವಿಶ್ವಾಸ ಅಲುಗಾಡಿದಾಗ ತನ್ನ ದೈವಕರೆಯೇ ಕಳೆದುಹೋಯಿತೆಂದು ಹೆದರುವ ಗುರು ಅಭ್ಯರ್ಥಿಗೆ ಈ ನಕ್ಷೆ ನಿಜವಾಗಿ ಸಹಾಯಕ. ಆ ಅಲುಗಾಟವು ಅಂತ್ಯವಲ್ಲ, ದಾಟುವಿಕೆ ಇರಬಹುದೆಂದು ಅದು ತಿಳಿಸುತ್ತದೆ. ಏಳರ ಬಾಲಕನಿಗೂ ಎಪ್ಪತ್ತರ ವೃದ್ಧನಿಗೂ ಒಂದೇ ಬಗೆಯ ಬೋಧನೆ ಸಾಲದೆಂಬುದನ್ನೂ ಅದು ನಮಗೆ ಕಲಿಸುತ್ತದೆ.

ಆದರೆ ಸಿದ್ಧಾಂತದ ಬುನಾದಿಯನ್ನು ಪರೀಕ್ಷಿಸಿದಾಗ ಮೂರು ತೊಡಕುಗಳು ಕಾಣುತ್ತವೆ. ಮೊದಲನೆಯದು ಸಾಕ್ಷ್ಯದ್ದು. ಗ್ರಂಥಕ್ಕೆ ಆಧಾರವಾದವು 359 ಸಂದರ್ಶನಗಳು. ಸಂದರ್ಶಿತರಲ್ಲಿ ಬಹುತೇಕ ಎಲ್ಲರೂ ಬಿಳಿಯ ಅಮೆರಿಕನ್ನರು. ಬಹುಪಾಲು ಕ್ರೈಸ್ತರು, ಉಳಿದವರಲ್ಲಿ ಹೆಚ್ಚಿನವರು ಯೆಹೂದ್ಯರು. ಅವರಲ್ಲಿ ಆರನೆಯ ಹಂತ ಮುಟ್ಟಿದ್ದಾರೆಂದು ಗುರುತಿಸಲಾದವರು ಒಬ್ಬರೇ. ಹಾಗಾದರೆ ಆ ಹಂತದ ವರ್ಣನೆ ಎಲ್ಲಿಂದ ಬಂತು? ಗಾಂಧೀಜಿ, ಮಾರ್ಟಿನ್ ಲೂಥರ್ ಕಿಂಗ್, ಮದರ್ ತೆರೇಸಾ ಮುಂತಾದವರ ಉದಾಹರಣೆಗಳಿಂದ, ಮತ್ತು ದೈವಶಾಸ್ತ್ರಜ್ಞ ಎಚ್. ರಿಚರ್ಡ್ ನೀಬರ್ ಅವರ ಚಿಂತನೆಯಿಂದ. ಅಂದರೆ ಶಿಖರವನ್ನು ಸಂಶೋಧನೆ ಕಂಡುಹಿಡಿಯಲಿಲ್ಲ, ದೈವಶಾಸ್ತ್ರವೇ ಅದನ್ನು ಒದಗಿಸಿತು. ಇದು ದೋಷವೆಂದು ನಾವು ಹೇಳುವುದಿಲ್ಲ. ಆದರೆ ಶಿಖರವು ದೈವಶಾಸ್ತ್ರದ್ದಾದರೆ ಅದನ್ನು ದೈವಶಾಸ್ತ್ರದಿಂದಲೇ ಪರಿಶೀಲಿಸಬೇಕು. ಅನುಭವವಿಜ್ಞಾನದ ಅಧಿಕಾರವನ್ನು ಅದಕ್ಕೆ ಹೊದಿಸಲಾಗದು.

ಎರಡನೆಯ ತೊಡಕು ವಿಶ್ವಾಸದ ವ್ಯಾಖ್ಯಾನದ್ದು. ಫೌಲರ್ ಅವರಿಗೆ ವಿಶ್ವಾಸವೆಂದರೆ ಬದುಕಿಗೆ ಅರ್ಥ ಕಂಡುಕೊಳ್ಳುವ ಸಾರ್ವತ್ರಿಕ ಮಾನವ ಚಟುವಟಿಕೆ. ಅದರ ವಿನ್ಯಾಸವನ್ನು ಅವರು ಅದರ ವಿಷಯದಿಂದ ಬೇರ್ಪಡಿಸಿ ಅಳೆಯುತ್ತಾರೆ. ಕ್ರೈಸ್ತ ವಿಶ್ವಾಸವಾದರೋ ತನ್ನನ್ನು ಪ್ರಕಟಪಡಿಸಿಕೊಂಡ ದೇವರಿಗೆ ನೀಡುವ ಪ್ರತ್ಯುತ್ತರ. ಯಾರನ್ನು ನಂಬುತ್ತೇವೆ ಎಂಬುದನ್ನು ಬಿಟ್ಟರೆ ಉಳಿಯುವುದು ವಿಶ್ವಾಸದ ಮಾನಸಿಕ ಚೌಕಟ್ಟು ಮಾತ್ರ. ಚೌಕಟ್ಟಿಗೆ ವಯಸ್ಸಿದೆ, ಕೃಪೆಗೆ ಇಲ್ಲ. ದೃಢೀಕರಣ ಸಂಸ್ಕಾರವನ್ನು ಚರ್ಚಿಸುವಾಗ ಸಂತ ಥಾಮಸ್ ಅಕ್ವಿನಾಸರು, ದೇಹದ ವಯಸ್ಸು ಆತ್ಮಕ್ಕೆ ಅಡ್ಡಿಯಾಗದೆಂದೂ ಬಾಲ್ಯದಲ್ಲಿಯೇ ಆಧ್ಯಾತ್ಮಿಕ ಪ್ರೌಢತೆ ಸಾಧ್ಯವೆಂದೂ ಹೇಳುತ್ತಾರೆ. ಫೌಲರ್ ಅವರ ಐದನೆಯ ಹಂತ ನಡುವಯಸ್ಸಿಗೆ ಮುನ್ನ ವಿರಳ. ಆದರೆ 1897ರಲ್ಲಿ 24ರ ಹರೆಯದಲ್ಲೇ ಮೃತರಾದ ಲಿಸಿಯೂವಿನ ಸಂತ ತೆರೇಸಾರನ್ನು ಧರ್ಮಸಭೆಯು 1997ರಲ್ಲಿ ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಮೂರನೆಯ ತೊಡಕು ಪಾಲನೆಯದು, ನಮಗೆ ಅತ್ಯಂತ ಸಮೀಪದ್ದು. ಹಂತಗಳು ಜನರ ಯೋಗ್ಯತೆಯನ್ನು ಅಳೆಯುವ ಮಾಪನವಲ್ಲವೆಂದು ಫೌಲರ್ ಅವರೇ ಎಚ್ಚರಿಸಿದ್ದಾರೆ. ಆದರೂ ಮೇಲಿನ ಹಂತವು ಕೆಳಗಿನದಕ್ಕಿಂತ ಹೆಚ್ಚು ಸಮರ್ಪಕವೆಂದು ಅವರೇ ವಾದಿಸುತ್ತಾರೆ. ಒಂದರಿಂದ ಆರರವರೆಗೆ ಅಂಕಿ ಹಾಕಿದ ಮೇಲೆ ಆ ಎಚ್ಚರಿಕೆ ಎಷ್ಟು ಕಾಲ ನೆನಪಿನಲ್ಲಿರುತ್ತದೆ? ಧರ್ಮಕೇಂದ್ರಕ್ಕೆ ಹೊಸದಾಗಿ ಬಂದ ಯುವಯಾಜಕನು, ಪ್ರತಿ ಸಂಜೆ ಜಪಸರ ಹಿಡಿದು ಕೂರುವ ಅಜ್ಜಿಯನ್ನು ಮೂರನೆಯ ಹಂತದಲ್ಲೇ ನಿಂತವಳೆಂದು ಎಣಿಸುವುದು ಬಹಳ ಸುಲಭ. ಅದೇ ಜಪಸರ, ಅದೇ ವಿಧೇಯತೆ, ಅದೇ ದೈನಂದಿನ ಬಲಿಪೂಜೆ ಮದರ್ ತೆರೇಸಾರ ಬದುಕಿನ ಆಧಾರವೂ ಆಗಿತ್ತು. 2007ರಲ್ಲಿ ಪ್ರಕಟವಾದ ಅವರ ಪತ್ರಗಳು ದಶಕಗಟ್ಟಲೆ ಅವರು ಅನುಭವಿಸಿದ ಆಂತರಿಕ ಕತ್ತಲೆಯನ್ನು ಜಗತ್ತಿಗೆ ತಿಳಿಸಿದವು. 1981ರಲ್ಲಿ ಅವರನ್ನು ಶಿಖರದಲ್ಲಿ ಇರಿಸಿದ ಸಿದ್ಧಾಂತಕ್ಕೆ ಆ ಕತ್ತಲೆ ಕಂಡಿರಲಿಲ್ಲ. ಆ ಅಜ್ಜಿಯ ಅಂತರಂಗವೂ ನಮಗೆ ಅಷ್ಟು ಸುಲಭವಾಗಿ ಕಾಣದು.

ಬೆಳವಣಿಗೆಯೇ ಬೇಡವೆಂದು ಪವಿತ್ರ ಗ್ರಂಥವು ಹೇಳುವುದಿಲ್ಲ. ಯೇಸು ಜ್ಞಾನದಲ್ಲಿ ಬೆಳೆದರೆಂದು ಸಂತ ಲೂಕರು ಬರೆಯುತ್ತಾರೆ. ಬಾಲಿಶವಾದುದನ್ನು ತೊರೆದೆನೆಂದು ಸಂತ ಪೌಲರು ಹೇಳಿಕೊಳ್ಳುತ್ತಾರೆ. ಆದರೆ ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ನಡುವೆ ನಿಲ್ಲಿಸುವುದು ಒಂದು ಮಗುವನ್ನು. ಸಂತ ಯೊವಾನ್ನರ ಕೊನೆಯ ಅಧ್ಯಾಯದಲ್ಲಿ ಪೇತ್ರರಿಗೆ ದೊರೆಯುವ ಪ್ರೌಢತೆ ಇನ್ನೊಬ್ಬರಿಂದ ನಡೆಸಿಕೊಳ್ಳುವ ಮುಪ್ಪು. ಮನೋವಿಜ್ಞಾನವೂ ಇದನ್ನು ಅರಿಯದೆ ಇಲ್ಲ. ಎರಿಕ್ಸನ್ ಮರಣಾನಂತರ ಅವರ ಪತ್ನಿ ಜೋನ್ 1997ರಲ್ಲಿ ಸೇರಿಸಿದ ಒಂಬತ್ತನೆಯ ಘಟ್ಟದಲ್ಲಿ, ದೇಹ ಸೋಲುವ ಇಳಿವಯಸ್ಸಿಗೆ ಶೈಶವದ ಮೊದಲ ಪ್ರಶ್ನೆಯಾದ ನಂಬಿಕೆ ಅಪನಂಬಿಕೆಗಳ ಸಂಘರ್ಷವೇ ಮರಳಿ ಬರುತ್ತದೆ.

ಆದ್ದರಿಂದ ಫೌಲರ್ ಗ್ರಂಥವನ್ನು ನಾವು ಓದಬೇಕು, ಬೋಧಿಸಲೂ ಬೇಕು. ಪಾಪನಿವೇದನೆಯಲ್ಲೂ ಆಧ್ಯಾತ್ಮಿಕ ಮಾರ್ಗದರ್ಶನದಲ್ಲೂ ಎದುರಿಗಿರುವವರು ಯಾವ ಭಾಷೆಯಲ್ಲಿ ತಮ್ಮ ವಿಶ್ವಾಸವನ್ನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಅದು ಸಹಕಾರಿ. ಅಭ್ಯರ್ಥಿಯ ಮಾನವೀಯ ಪಕ್ವತೆಯನ್ನು ವಿವೇಚಿಸಲು ಮನೋವಿಜ್ಞಾನದ ನೆರವು ಪಡೆಯುವುದನ್ನು ಧರ್ಮಸಭೆಯ ಮಾರ್ಗಸೂಚಿಗಳೂ ಒಪ್ಪುತ್ತವೆ. ಆದರೆ ಅಭ್ಯರ್ಥಿಯ ಮೌಲ್ಯಮಾಪನದಲ್ಲಾಗಲಿ, ಭಕ್ತಜನರ ಬಗೆಗಿನ ನಮ್ಮ ಮಾತಿನಲ್ಲಾಗಲಿ ಹಂತದ ಸಂಖ್ಯೆಯು ತೀರ್ಪಾಗಿ ಬರಕೂಡದು. ಒಬ್ಬರು ಹೇಗೆ ಯೋಚಿಸುತ್ತಾರೆಂದು ಹೇಳುವಷ್ಟಕ್ಕೆ ಆ ಸಂಖ್ಯೆ ಸಮರ್ಥ. ಅವರು ದೇವರನ್ನು ಎಷ್ಟು ಪ್ರೀತಿಸುತ್ತಾರೆಂಬುದು ಅದರ ವ್ಯಾಪ್ತಿಗೆ ಸೇರಿದ ವಿಷಯವಲ್ಲ.