‘ಮರುಳು’: ಒಂದು ಪದದ ಅರ್ಥಲೋಕ

ಇಂಗ್ಲಿಷಿನ ‘ಪ್ಯಾಷನ್’ ಪದಕ್ಕೆ ಕನ್ನಡದ ಸಂವಾದಿಯನ್ನು ಅರಸುವಾಗ ಮೋಹ, ವ್ಯಾಮೋಹ, ಉತ್ಕಟತೆ ಮುಂತಾದ ಸಂಸ್ಕೃತ ಪದಗಳೇ ಮೊದಲು ಒದಗುತ್ತವೆ. ಇವುಗಳಲ್ಲಿ ‘ಮೋಹ’ವು ಅರಿಷಡ್ವರ್ಗಗಳಲ್ಲೊಂದಾಗಿ, ಗೆಲ್ಲಬೇಕಾದ ಶತ್ರುವೆಂಬ ತೀರ್ಪನ್ನು ಮುಂಚೆಯೇ ಹೊತ್ತುಕೊಂಡಿದೆ. ಆದರೆ ‘ಪ್ಯಾಷನ್’ ಪದದ ಲ್ಯಾಟಿನ್ ಮೂಲದಲ್ಲಿರುವುದು ‘ಅನುಭವಿಸು’, ‘ನೋವುಣ್ಣು’ ಎಂಬ ಅರ್ಥ. ಕನ್ನಡ ಕ್ರೈಸ್ತರು ಯೇಸುವಿನ ಯಾತನೆಯನ್ನು ‘ಪಾಡು’ ಎನ್ನುವಲ್ಲಿ ಈ ಅರ್ಥವೇ ಉಳಿದಿದೆ. ಮನುಷ್ಯನು ತಾನಾಗಿ ಮಾಡುವುದಲ್ಲ, ಅವನನ್ನು ಬಂದು ಹಿಡಿಯುವುದು ಎಂಬ ಈ ಭಾವವನ್ನು ಕಾಪಾಡಿಕೊಂಡಿರುವ ದೇಸಿ ಪದ ‘ಮರುಳು’.

ನಿಘಂಟುಗಳು ಪಿಶಾಚಿ, ಹುಚ್ಚು, ದಡ್ಡತನ, ಭ್ರಮೆ ಎಂದು ಇದರ ಅರ್ಥಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ಬಳಕೆಯಲ್ಲಿ ಇವು ಬೇರೆಬೇರೆಯಲ್ಲ. ಹಿಡಿಯುವ ಪಿಶಾಚಿಯೂ ಮರುಳೇ, ಹಿಡಿತಕ್ಕೆ ಸಿಕ್ಕವನೂ ಮರುಳನೇ. ರೂಪಿಗೆ, ಮಾತಿಗೆ, ಹಣಕ್ಕೆ ಜನ ‘ಮರುಳಾಗುತ್ತಾರೆ’. ಮರುಳಾಗುವುದು ಸಂಭವಿಸುವ ಕ್ರಿಯೆಯೇ ಹೊರತು ಸಂಕಲ್ಪದ ಕ್ರಿಯೆಯಲ್ಲ.

10ನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ಈ ಎರಡರ್ಥವನ್ನು ಎದುರುಬದುರು ನಿಲ್ಲಿಸಿದ್ದಾನೆ. ಹೆಣಗಳ ನಡುವೆ ಸಾಗುವ ದುರ್ಯೋಧನನನ್ನು ರಣರಂಗದ ಮರುಳೊಂದು ಕೆಣಕಿ, ನಿಜವಾದ ಮರುಳು ಯಾರೆಂಬ ಪ್ರಶ್ನೆಯನ್ನು ಅವನಿಗೇ ತಿರುಗಿಸುತ್ತದೆ. ಇಲ್ಲಿ ಮರುಳು ಪ್ರಣಯವಲ್ಲ, ಕುಲವನ್ನೇ ಆಹುತಿ ಕೊಟ್ಟ ಛಲ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯ ವಿನ್ಯಾಸವೂ ಇದೇ. ಎರಡೂ ಕಡೆ ಪ್ರಶ್ನೆಯುಂಟು, ಉತ್ತರವಿಲ್ಲ. ಈ ಅನಿಶ್ಚಯವು ಪದದ ದೋಷವಲ್ಲ, ಅದರ ತಿರುಳು.

ಶರಣ ಪರಂಪರೆಯು ಈ ಪದವನ್ನು ಮತ್ತೊಂದು ದಿಕ್ಕಿಗೆ ಒಯ್ದಿತು. ‘ಶೂನ್ಯಸಂಪಾದನೆ’ಯ ಮರುಳಶಂಕರದೇವನು ಬಸವಣ್ಣನ ಮಹಾಮನೆಯಲ್ಲಿದ್ದೂ ಯಾರ ಅರಿವಿಗೂ ಬಾರದವನು, ಅವನ ನಿಲವನ್ನು ಕಾಣಿಸಿಕೊಡುವವನು ಅಲ್ಲಮಪ್ರಭು. ಲೋಕದ ಕಣ್ಣಿಗೆ ಮರುಳಾದುದು ಅರಿತವನ ಕಣ್ಣಿಗೆ ಸಿದ್ಧಿ. ಮುಪ್ಪಿನ ಮತಿಭ್ರಮಣೆಯನ್ನು ಸೂಚಿಸುವ ‘ಅರಳು ಮರುಳು’ ಎಂಬ ನುಡಿಗಟ್ಟನ್ನು ಬೇಂದ್ರೆಯವರು, 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತಮ್ಮ ಕೃತಿಗೆ ‘ಅರಳು ಮರಳು’ ಎಂದು ತಿರುಗಿಸಿಟ್ಟುದೂ ಗಮನಾರ್ಹ. ಒಂದು ಸ್ವರದ ಪಲ್ಲಟದಿಂದ ಭ್ರಮಣೆಯು ಮರಳಿ ಅರಳುವ ಕ್ರಿಯೆಯಾಗುತ್ತದೆ.

ಆದರೆ ಈ ಪದವನ್ನು ವೈಭವೀಕರಿಸುವಂತಿಲ್ಲ. ಮರುಳು ಎಂಬುದು ಬಹುಮಟ್ಟಿಗೆ ನೋಡುವವರು ಕೊಡುವ ಹೆಸರು. ಆವೇಶಕ್ಕೊಳಗಾದ ಹೆಣ್ಣಿಗೆ ದೇವರು ಮೈದುಂಬಿತೆಂದು ಊರು ಒಪ್ಪಿದರೆ ಅವಳ ಮಾತು ಅಪ್ಪಣೆಯಾಗುತ್ತದೆ. ಒಪ್ಪದಿದ್ದರೆ ಅದೇ ಮಾತು ಮರುಳಿನ ಮಾತಾಗಿ ತಳ್ಳಿಹೋಗುತ್ತದೆ. ಅನುಭವ ಒಂದೇ ಆದರೂ ಹೆಸರಿಡುವ ಅಧಿಕಾರ ಅವಳದಲ್ಲ. ಆದ್ದರಿಂದ ಈ ಪದದ ಅರ್ಥವನ್ನು ದಾಖಲಿಸುವ ನಿಘಂಟುಕಾರರೂ ಕ್ಷೇತ್ರತಜ್ಞರೂ ಯಾರು, ಯಾರನ್ನು, ಯಾವ ಸಂದರ್ಭದಲ್ಲಿ ಮರುಳೆಂದು ಕರೆದರೆಂಬುದನ್ನೂ ದಾಖಲಿಸಬೇಕಾಗುತ್ತದೆ. ಇಲ್ಲವಾದರೆ ಕೋಶದಲ್ಲಿ ಉಳಿಯುವುದು ನೋಡಿದವರ ತೀರ್ಪು ಮಾತ್ರ. ಪಾಡು ಪಟ್ಟವರ ಅನುಭವವಲ್ಲ.